ತೂಕ ಇಳಿಯಲಿ, ಹಿಂಭಾಗ ಚಪ್ಪಟೆಯಾಗುವುದು ಬೇಡ

ರಾತ್ರಿಯೂಟ ಬಿಟ್ಟು, ದಿನಕ್ಕೆ ಒಂದೂವರೆ ಗಂಟೆ ವಾಕಿಂಗ್ ಮಾಡಿ ಏಳೆಂಟು ಕೆಜಿ ಇಳಿಸಿದವರ ಬಾಯಲ್ಲಿ ಪದೇ ಪದೇ ಬರುವ ದೂರು: "ಹೊಟ್ಟೆ ಹಾಗೇ ಇದೆ, ಪ್ಯಾಂಟ್ ಮಾತ್ರ ಹಿಂದೆ ಜೋಲುತ್ತಿದೆ." ಇದಕ್ಕೆ ಮೈಕಟ್ಟನ್ನು ದೂರಬೇಕಿಲ್ಲ. ಊಟ ಕಡಿಮೆಯಾದಾಗ ದೇಹ ಕೊಬ್ಬಿನ ಜೊತೆಗೆ ಸ್ನಾಯುವನ್ನೂ ಕರಗಿಸುತ್ತದೆ, ಅದರಲ್ಲೂ ಕೆಲಸ ಇಲ್ಲದೆ ಕೂತ ಸ್ನಾಯುವನ್ನು. ನಮ್ಮ ದೇಹದ ಅತಿ ದೊಡ್ಡ ಸ್ನಾಯು ಇರುವುದು ಪೃಷ್ಠದಲ್ಲೇ. ಸಮತಟ್ಟಾದ ರಸ್ತೆಯ ನಡಿಗೆ ಅದಕ್ಕೆ ಏನೇನೂ ಸಾಲದು.

ಮೊದಲೇ ಒಂದು ಮಾತು. ಹಿಂಭಾಗದ ದುಂಡುತನದಲ್ಲಿ ಕೊಬ್ಬಿನ ಪಾಲೂ ಇದೆ, ಅದು ಸ್ವಲ್ಪ ಹೋಗಿಯೇ ಹೋಗುತ್ತದೆ. ಹೊಟ್ಟೆಯದ್ದು ಮಾತ್ರ ಕರಗಲಿ, ಹಿಂದಿನದು ಉಳಿಯಲಿ ಎಂದು ಆರಿಸಿಕೊಳ್ಳಲು ಬರುವುದಿಲ್ಲ. ಸೊಂಟದ ಮೂಳೆಯ ಅಗಲವೂ ಬದಲಾಗದು. ನಮ್ಮ ಕೈಯಲ್ಲಿರುವುದು ಒಳಗಿನ ಸ್ನಾಯು. ಅದನ್ನು ಉಳಿಸಿಕೊಂಡರೆ ಆಕಾರ ಉಳಿಯುತ್ತದೆ.

"ಡಯಟ್ ಸಮಯದಲ್ಲಿ ಭಾರ ಇಳಿಸಿ, ರೆಪ್ಸ್ (ಒಂದೇ ಚಲನೆಯನ್ನು ಎಷ್ಟು ಸಲ ಮಾಡುತ್ತೀರೋ ಆ ಎಣಿಕೆ) ಜಾಸ್ತಿ ಮಾಡಿ, ಟೋನ್ ಆಗುತ್ತೆ" ಎಂಬ ಸಲಹೆ ಜಿಮ್‌ಗಳಲ್ಲಿ ಇಂದಿಗೂ ಓಡಾಡುತ್ತಿದೆ. ದಯವಿಟ್ಟು ಕೇಳಬೇಡಿ. ಯಾವ ಭಾರ ಎತ್ತಿ ಸ್ನಾಯು ಬೆಳೆಯಿತೋ ಅದೇ ಭಾರ ಅದನ್ನು ಕಾಯುತ್ತದೆ. ಸುಸ್ತಾದರೆ ಒಂದೆರಡು ಸೆಟ್ (ನಡುವೆ ನಿಲ್ಲದೆ ಮಾಡುವ ರೆಪ್ಸ್‌ನ ಒಂದು ಸುತ್ತು) ಬಿಡಿ, ಭಾರ ಬಿಡಬೇಡಿ.

ವಾರಕ್ಕೆ ಎರಡು ದಿನ ಸಾಕು, ನಡುವೆ ಕನಿಷ್ಠ ಎರಡು ದಿನ ಬಿಡುವಿರಲಿ. ಹಿಪ್ ಥ್ರಸ್ಟ್ (ಬೆಂಚಿಗೆ ಬೆನ್ನು ಒರಗಿಸಿ ಸೊಂಟ ಮೇಲೆತ್ತುವುದು) 3 ಸೆಟ್, ರೊಮೇನಿಯನ್ ಡೆಡ್‌ಲಿಫ್ಟ್ (ಭಾರ ಹಿಡಿದು ಬೆನ್ನು ನೇರವಿಟ್ಟು ಸೊಂಟದಿಂದ ಬಾಗಿ ಏಳುವುದು) 3 ಸೆಟ್, ಬಲ್ಗೇರಿಯನ್ ಸ್ಪ್ಲಿಟ್ ಸ್ಕ್ವಾಟ್ (ಒಂದು ಪಾದ ಹಿಂದಿನ ಬೆಂಚಿನ ಮೇಲಿಟ್ಟು ಮುಂದಿನ ಕಾಲಿನ ಮೇಲೆ ಕುಗ್ಗಿ ಏಳುವುದು) ಒಂದೊಂದು ಕಾಲಿಗೆ 2 ಸೆಟ್. ಎಲ್ಲವೂ 8ರಿಂದ 12 ರೆಪ್ಸ್, ಸೆಟ್ ಮುಗಿದಾಗ ಇನ್ನು ಒಂದೆರಡು ಮಾತ್ರ ಆಗುತ್ತಿತ್ತು ಅನ್ನಿಸುವಷ್ಟು ಭಾರ. ಸೆಟ್‌ಗಳ ಮಧ್ಯೆ 2 ನಿಮಿಷ ಕೂತುಕೊಳ್ಳಿ.

ಹಿಪ್ ಥ್ರಸ್ಟ್‌ನಲ್ಲೇ ಹೆಚ್ಚು ಜನ ಎಡವುತ್ತಾರೆ. ಬೆಂಚಿನ ಅಂಚು ಹೆಗಲಮೂಳೆಯ ಕೆಳತುದಿಗೆ ತಾಗಬೇಕು. ಮೇಲೆ ಬಂದಾಗ ಮೊಣಕಾಲಿನಿಂದ ಪಾದದವರೆಗೆ ಕಾಲು ನೆಟ್ಟಗೆ ನಿಂತಿರಬೇಕು. ಪಾದ ತೀರಾ ಹತ್ತಿರವಿದ್ದರೆ ತೊಡೆಯ ಮುಂಭಾಗ ಉರಿಯುತ್ತದೆ, ತೀರಾ ದೂರವಿದ್ದರೆ ತೊಡೆಯ ಹಿಂಭಾಗ ಹಿಡಿಯುತ್ತದೆ. ಗದ್ದ ಎದೆಯ ಕಡೆಗಿರಲಿ, ಹಿಮ್ಮಡಿಯಿಂದ ಒತ್ತಿ, ಮೇಲೆ ಒಂದು ಸೆಕೆಂಡ್ ನಿಲ್ಲಿ. ಬೆನ್ನು ಬಿಲ್ಲಿನಂತೆ ಬಾಗಿದರೆ ಕೆಳಬೆನ್ನು ನೋಯುತ್ತದೆ, ಕೆಲಸವೂ ಬೇರೆ ಕಡೆ ಹೋಗುತ್ತದೆ. ಮನೆಯಲ್ಲಾದರೆ ಗೋಡೆಗೆ ಒತ್ತಿದ ದಿವಾನದ ಅಂಚು, ತೊಡೆಸಂದಿನ ಮೇಲೆ ಮಡಚಿದ ಟವೆಲ್, ಅದರ ಮೇಲೆ 10 ಕೆಜಿ ಅಕ್ಕಿ ಚೀಲ. ಅದು ಹಗುರವಾದ ದಿನ ಒಂದೇ ಕಾಲಿನಲ್ಲಿ ಮಾಡಿ.

ಊಟದಲ್ಲಿ ದಿನಕ್ಕೆ 300ರಿಂದ 500 ಕ್ಯಾಲೊರಿ ಕಡಿತ ಸಾಕು. 65 ಕೆಜಿ ಇರುವವರಿಗೆ ವಾರಕ್ಕೆ 300ರಿಂದ 450 ಗ್ರಾಂ ಇಳಿದರೆ ಒಳ್ಳೆಯ ವೇಗ. ಪ್ರೋಟೀನ್ ಮಾತ್ರ ದಿನಕ್ಕೆ ದೇಹತೂಕದ ಕೆಜಿಗೆ 1.6 ಗ್ರಾಂ, ಅಂದರೆ ಇವರಿಗೆ ಸುಮಾರು 104 ಗ್ರಾಂ ಬೇಕು (ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಹೆಚ್ಚಿಸಿ). ನಮ್ಮ ಅಡುಗೆಮನೆ ಸೋಲುವುದು ಇಲ್ಲೇ. ತಿಳಿಸಾರು, ಎರಡು ಚಮಚ ಪಲ್ಯ, ಮಜ್ಜಿಗೆ ಎಷ್ಟೇ ಹಿತವಾದರೂ ಪ್ರೋಟೀನ್ ಲೆಕ್ಕಕ್ಕೆ ಬರುವುದಿಲ್ಲ. ಮೂರು ಮೊಟ್ಟೆಗೆ 18 ಗ್ರಾಂ, 50 ಗ್ರಾಂ ಒಣ ಸೋಯಾ ಚಂಕ್ಸ್‌ಗೆ 25ರಷ್ಟು, 100 ಗ್ರಾಂ ಪನೀರಿಗೆ 18, ಒಂದು ದೊಡ್ಡ ಲೋಟ ಹಾಲಿಗೆ 8. ಉಳಿದದ್ದು ಹುರುಳಿಕಾಳು, ಗಟ್ಟಿ ಬೇಳೆ, ಮುದ್ದೆ, ಅನ್ನದಿಂದ ಸ್ವಲ್ಪ ಸ್ವಲ್ಪವಾಗಿ ಸೇರುತ್ತದೆ. ಮಾಂಸ ತಿನ್ನುವವರಿಗೆ ಬೇಯಿಸಿದ 100 ಗ್ರಾಂ ಕೋಳಿ ಎದೆಮಾಂಸದಲ್ಲೇ ಸುಮಾರು 30 ಗ್ರಾಂ ಸಿಗುತ್ತದೆ. ಅನ್ನವನ್ನು ಪೂರ್ತಿ ಬಿಡಬೇಡಿ, ವ್ಯಾಯಾಮಕ್ಕೆ ಎರಡು ಗಂಟೆ ಮುಂಚೆ ಒಂದು ಬಟ್ಟಲು ತಿಂದರೆ ಭಾರ ಎತ್ತಲು ಕಸುವಿರುತ್ತದೆ.

ವಾಕಿಂಗ್ ಇರಲಿ, ಒಳ್ಳೆಯದೇ. ಅದು ಭಾರ ಎತ್ತುವ ದಿನವನ್ನು ತಿಂದುಹಾಕದಿದ್ದರೆ ಸರಿ.

ಭಾನುವಾರ ಬೆಳಿಗ್ಗೆ ಕಾಫಿಗೆ ಮುಂಚೆ ಟೇಪು ಹಿಡಿಯಿರಿ. ಹೊಕ್ಕುಳ ಮಟ್ಟದಲ್ಲಿ ಒಂದು ಅಳತೆ, ಹಿಂಭಾಗ ಅತಿ ಹೆಚ್ಚು ಉಬ್ಬಿದಲ್ಲಿ ಇನ್ನೊಂದು. ಮೊದಲನೆಯದು ಎರಡನೆಯದಕ್ಕಿಂತ ಬೇಗ ಇಳಿಯುತ್ತಿದ್ದರೆ ದಾರಿ ಸರಿಯಿದೆ. ಎತ್ತಿದ ಭಾರವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡು ವಾರ ಸತತವಾಗಿ ಆ ಸಂಖ್ಯೆ ಕುಸಿದರೆ ಮೊದಲು ನಿದ್ದೆ 7 ಗಂಟೆ ಇದೆಯೇ ನೋಡಿ, ಇದ್ದರೆ ಊಟಕ್ಕೆ 150 ಕ್ಯಾಲೊರಿ ವಾಪಸ್ ಸೇರಿಸಿ. ಹೆಣ್ಣುಮಕ್ಕಳಿಗೆ ಮುಟ್ಟೇ ತಪ್ಪಲು ಶುರುವಾದರೆ ಡಯಟ್ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿ.