ಸತ್ಯಾಂಶ: ಫಿನಾಯಿಲ್ ಹಾಕಿದರೆ ಬೆಕ್ಕಿನ ಮರಿ ಮಲಮೂತ್ರದ ಟ್ರೇಗೆ ಹೋಗಲು ಕಲಿಯುವುದಿಲ್ಲ

‘ಬೆಕ್ಕಿನ ಮರಿ ಮನೆಯೊಳಗೆ ಹೊಯ್ದರೆ ಅದರ ಮೂಗನ್ನು ಉಚ್ಚೆಗೆ ಉಜ್ಜಿ, ಆ ಜಾಗಕ್ಕೆ ಫಿನಾಯಿಲ್ ಹಾಕಿ’ ಎಂಬ ಸಂದೇಶ ಹರಿದಾಡುತ್ತಿದೆ. ಎರಡೂ ತಪ್ಪು. ಮೂಗು ಉಜ್ಜಿದರೆ ಮರಿ ಹೆದರಿ ಮಂಚದಡಿಯಲ್ಲಿ ಹೊಯ್ಯುತ್ತದೆ, ಅಷ್ಟೆ. ಫಿನಾಯಿಲಂತೂ ವಿಷ: ಕಪ್ಪು ಫಿನಾಯಿಲಿನಲ್ಲಿರುವ ಫೀನಾಲ್ ಎಂಬ ರಾಸಾಯನಿಕವನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಹೊರಹಾಕಲಾರದು. ಪಾದಕ್ಕೆ ಅಂಟಿದ್ದನ್ನು ಮರಿ ನೆಕ್ಕುತ್ತದೆ.

ಕಲೆಯನ್ನು ಕಿಣ್ವ (ಎನ್‌ಜೈಮ್) ಇರುವ ಕ್ಲೀನರಿನಲ್ಲಿ 10–15 ನಿಮಿಷ ನೆನೆಸಿ ಒರೆಸಿ; ವಾಸನೆ ಉಳಿದರೆ ಮರಿ ಅಲ್ಲಿಗೇ ಮರಳುತ್ತದೆ. ಟ್ರೇಯ ಒಂದು ಬದಿಯ ಅಂಚು 5–7 ಸೆಂ.ಮೀ. ಮಾತ್ರ ಇರಲಿ, ಹೊಯಿಗೆ (ಮರಳು) 3–4 ಸೆಂ.ಮೀ. ಸಾಕು. ಕಾಸರಗೋಡಿನ ಮಳೆಗಾಲದಲ್ಲಿ ಅಂಗಳದ ಹೊಯಿಗೆ ಒದ್ದೆ, ಮರಿಗೆ ಅದು ಹಿಡಿಸದು. ಬೇಸಗೆಯಲ್ಲೇ ಒಣಗಿಸಿ ತುಂಬಿಡಿ. ಉಂಡ ಮೇಲೆ, ನಿದ್ದೆಯಿಂದ ಎದ್ದ ಕೂಡಲೇ ಟ್ರೇಯಲ್ಲಿ ಬಿಡಿ.

ತಿಣುಕಿದರೂ ಉಚ್ಚೆ ಬಾರದಿದ್ದರೆ, ಅದರಲ್ಲೂ ಗಂಡುಮರಿಗೆ, ಆ ಕೂಡಲೇ ಮೃಗಾಸ್ಪತ್ರೆಗೆ ಒಯ್ಯಿರಿ.