ಸುಳ್ಳು ಹೇಳಿ ಹೋಗಬೇಡಿ, ಮಗುವಿಗೆ ಹೇಳಿಯೇ ಹೋಗಿ

ರಾಯಚೂರಿನಲ್ಲೂ ಈಗ ಎಲ್‌ಕೆಜಿ ಅಡ್ಮಿಷನ್‌ಗೆ ಹೋದರೆ ‘ಮಕ್ಕಳಿಗೆ ಎಮೋಷನಲ್ ಸ್ಕಿಲ್ಸ್ ಕಲಿಸ್ತೀವಿ’ ಅಂತ ಹೇಳ್ತಾರೆ. ಅಂದರೆ ಅಳು, ಸಿಟ್ಟು, ಆಸೆ ಸಂಭಾಳಿಸೋದನ್ನ. ಒಳ್ಳೇದೇ. ಆದರೆ ನಾನು ನೋಡಿದ ಒಂದು ಕಡೆ ಗೋಡೆ ಮೇಲೆ ನಗುವ ಮುಖ, ಅಳುವ ಮುಖದ ಚಾರ್ಟು ಇತ್ತು, ಅದರ ಕೆಳಗೇ ಅಳುತ್ತಾ ನಿಂತ ಹುಡುಗನಿಗೆ ‘ಗಂಡಸಾಗಿ ಅಳ್ತೀಯಲ್ಲೋ, ನಾಚಿಕಿ ಬರಲ್ಲೇನು’ ಅಂತ ಬೈಗುಳವೂ ನಡೆದಿತ್ತು. ಚಾರ್ಟು ಏನು ಮಾಡಬೇಕು ಪಾಪ!

ನನ್ನ ತಕರಾರು ಶಾಲೆಗಿಂತ ನಮ್ಮ ಮನೆಗಳ ಮೇಲೇ ಜಾಸ್ತಿ. ಮೂರು ವರ್ಷದ ಮಗುವಿಗೆ ದಿನಕ್ಕೆ ಎಷ್ಟು ಸುಳ್ಳು ಹೇಳ್ತೀವಿ ನೋಡಿ. ‘ಅಳಬ್ಯಾಡ, ಚಾಕ್ಲೇಟ್ ತರ್ತೀನಿ.’ ತರಲ್ಲ. ‘ಸೂಜಿ ಹಾಕಲ್ಲ, ಸುಮ್ನೆ ಡಾಕ್ಟರ್ ನೋಡ್ತಾರ.’ ಹಾಕ್ತಾರೆ. ಆಮೇಲೆ ಮಗುವಿಗೆ ತಾಳ್ಮೆನೇ ಇಲ್ಲ, ಹಟ ಜಾಸ್ತಿ ಅಂತ ದೂರು.

ಮಕ್ಕಳ ಮುಂದೆ ಒಂದು ಮಿಠಾಯಿ ಇಟ್ಟು ‘ಕಾದರೆ ಎರಡು ಕೊಡ್ತೀನಿ’ ಅನ್ನುವ ಪರೀಕ್ಷೆ ಬಹಳ ಜನರಿಗೆ ಗೊತ್ತು. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರು ಅದಕ್ಕೆ ಮೊದಲು ಇನ್ನೊಂದು ಕೆಲಸ ಮಾಡಿದರು. ‘ಚೆನ್ನಾಗಿರೋ ಬಣ್ಣದ ಸಾಮಾನು ತರ್ತೀನಿ, ಇರು’ ಅಂತ ಹೇಳಿ ಅರ್ಧ ಮಕ್ಕಳಿಗೆ ನಿಜವಾಗಿ ತಂದುಕೊಟ್ಟರು, ಉಳಿದವರಿಗೆ ಬರೀ ಕೈಯಲ್ಲಿ ಬಂದು ‘ಇಲ್ಲಪ್ಪ’ ಅಂದರು. ಆಮೇಲೆ ಮಿಠಾಯಿ ಇಟ್ಟರು. ಮಾತು ಉಳಿಸಿಕೊಂಡವರನ್ನು ನೋಡಿದ ಮಕ್ಕಳು ಸರಾಸರಿ 12 ನಿಮಿಷ ಕಾದರು. ಇನ್ನುಳಿದವರು 3 ನಿಮಿಷ. ಇದ್ದದ್ದು 28 ಮಕ್ಕಳಷ್ಟೇ, ಸಣ್ಣ ಅಧ್ಯಯನ, ಒಪ್ಪಿದೆ. ಆದರೂ ಯೋಚಿಸಿ: ಕೊಡ್ತಾರೋ ಇಲ್ಲವೋ ಗೊತ್ತಿಲ್ಲದ ಮಗು ಸಿಕ್ಕಿದ್ದನ್ನು ತಕ್ಷಣ ಬಾಯಿಗೆ ಹಾಕಿಕೊಂಡರೆ ಅದು ಜಾಣತನ ಅಲ್ವಾ?

ನಮ್ಮ ಕಡೆ ಇದು ಇನ್ನೂ ದೊಡ್ಡ ವಿಷಯ. ದೇವದುರ್ಗ, ಲಿಂಗಸುಗೂರು ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವವರು ಮಗುವನ್ನು ಅಜ್ಜಿ ಹತ್ತಿರ ಬಿಟ್ಟು, ಅಳುತ್ತೆ ಅಂತ ಅದು ಮಲಗಿದಾಗಲೇ ಬಸ್ ಹತ್ತುತ್ತಾರೆ. ಅವರ ಹೊಟ್ಟೆಯ ಸಂಕಟ ನನಗೂ ಅರ್ಥ ಆಗುತ್ತೆ, ಬೈಯ್ಯೋಕೆ ನಾನ್ಯಾರು. ಆದರೆ ಎದ್ದ ಮಗುವಿಗೆ ಅಮ್ಮ ಇಲ್ಲ, ಮುಂದೆ ನಿದ್ದೆ ಮಾಡೋಕೂ ಹೆದರಿಕೆ. ಹೇಳಿ ಹೋಗಿ. ‘ಜಾತ್ರಿಗೆ ಬರ್ತೀವಿ, ಅಲ್ಲಿತನ ಅಜ್ಜಿ ಕೂಡ ಇರು, ದಿನಾ ರಾತ್ರಿ ಫೋನ್ ಮಾಡ್ತೀನಿ’ ಅನ್ನಿ, ಮತ್ತೆ ಮಾಡಿ. ಹೋಗುವಾಗ ಅಳುತ್ತೆ. ಅಳಲಿ. ಪಕ್ಕದಲ್ಲಿ ಕೂತು ‘ಅವ್ವನ ನೆನಪಾತೇನು’ ಅಂತ ಕೇಳುವ ಅಜ್ಜಿ ಯಾವ ಚಾರ್ಟಿಗಿಂತಲೂ ಮೇಲು.

ಇನ್ನು ಅಂಗನವಾಡಿ. ಅಂಗನವಾಡಿಗಳನ್ನು ನಡೆಸುವ, 1975ರಲ್ಲಿ ಶುರುವಾದ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆಯಲ್ಲಿ ಊಟದ ಜೊತೆ ಮೂರರಿಂದ ಆರು ವರ್ಷದ ಮಕ್ಕಳ ಆಟ-ಪಾಠವೂ ಸೇರಿದೆ. ಆದರೆ ಟೀಚರ್ ತೂಕ ನೋಡಬೇಕು, ರಿಜಿಸ್ಟರ್ ಬರೀಬೇಕು, ಪೋಷಣ್ ಟ್ರ್ಯಾಕರ್ ಅನ್ನುವ ಸರ್ಕಾರಿ ಮೊಬೈಲ್ ಆ್ಯಪ್‌ಗೆ ಎಂಟ್ರಿ ಹಾಕಬೇಕು, ಸರ್ವೆ ಬಂದರೆ ಅದಕ್ಕೂ ಓಡಬೇಕು. ಒಂದು ಗೊಂಬೆಗೆ ಇಬ್ಬರು ಕಿತ್ತಾಡಿದಾಗ ನಡುವೆ ಕೂತು ‘ಮೊದಲು ಅವನು, ಆಮೇಲೆ ನೀನು’ ಅಂತ ಹೇಳಿ, ಆ ‘ಆಮೇಲೆ’ ಬರುವ ತನಕ ಅಲ್ಲೇ ಇರೋಕೆ ಆಕೆಗೆ ಹೊತ್ತೆಲ್ಲಿದೆ? ಹೊಸ ತರಬೇತಿ, ಹೊಸ ಕಿಟ್ ಕೊಡುವ ಮೊದಲು ಆ ಮೊಬೈಲ್ ಎಂಟ್ರಿಗೆ ಬೇರೆ ಯಾರನ್ನಾದರೂ ಇಡಿ.