ಆ ಪುಟ್ಟಿಯ ಫೋಟೋ ನಾನೂ ಶೇರ್ ಮಾಡಿದ್ದೆ

ಹೋದ ತಿಂಗಳು ಒಂದು ರಾತ್ರಿ ಊಟ ಮುಗಿಸಿ ಫೋನ್ ನೋಡುತ್ತಾ ಕೂತಿದ್ದೆ. ಅಮೆರಿಕದಲ್ಲಿರುವ ನಮ್ಮ ಕಡೆಯ ಅಪ್ಪ ಒಬ್ಬರ ಪೋಸ್ಟ್ ಕಣ್ಣಿಗೆ ಬಿತ್ತು. ಟೇಬಲ್ ಮೇಲೆ ಕೇಕು, ಅದರಲ್ಲಿ ಏಳು ಮೇಣದ ಬತ್ತಿ. ಎದುರಿಗೆ ಖಾಲಿ ಕುರ್ಚಿ, ಕುರ್ಚಿಯ ಬೆನ್ನಿಗೆ ಪುಟ್ಟ ಗುಲಾಬಿ ಜಾಕೆಟ್. ‘ರಜೆಗೆ ಅಂತ ಬೆಂಗಳೂರಿಗೆ ಹೋದವಳು ಮಗಳನ್ನು ವಾಪಸ್ ಕರೆತರಲೇ ಇಲ್ಲ, ಎರಡು ವರ್ಷ ಆಯ್ತು’ ಅಂತ ಬರೆದಿದ್ದರು. ಕೆಳಗೆ ಮಗುವಿನ ಹೆಸರು, ಫೋಟೋ. ಗಂಟಲು ಕಟ್ಟಿಬಂತು. ಹಿಂದೆ ಮುಂದೆ ನೋಡದೆ ಶೇರ್ ಮಾಡಿದೆ.

ಬೆಳಿಗ್ಗೆ ಎದ್ದು ಕಮೆಂಟು ನೋಡಿದರೆ ತಾಯಿಗೆ ಬಾಯಿಗೆ ಬಂದ ಹಾಗೆ ಬೈಗುಳ. ‘ಇವರು ನಮ್ಮ ಏರಿಯಾದವರೇ’ ಅಂತ ಒಬ್ಬರು ಅಪಾರ್ಟ್‌ಮೆಂಟ್ ಹೆಸರು ಹಾಕಿದ್ದರು. ಅದರ ಕೆಳಗೆ ಇನ್ನೊಬ್ಬರು, ಮಗು ಯಾವ ಸ್ಕೂಲ್ ವ್ಯಾನಿನಲ್ಲಿ ಹೋಗುತ್ತದೆ, ಎಷ್ಟು ಗಂಟೆಗೆ ಗೇಟಿನ ಹತ್ತಿರ ನಿಂತಿರುತ್ತದೆ ಅಂತಲೂ ಬರೆದಿದ್ದರು. ಓದಿ ಕೈಕಾಲು ತಣ್ಣಗಾಯಿತು. ಆ ಪೋಸ್ಟನ್ನು ಊರೆಲ್ಲ ಮುಟ್ಟಿಸಿದವರಲ್ಲಿ ನಾನೂ ಒಬ್ಬಳು.

ನಾಲ್ಕು ದಿನಕ್ಕೆ ತಾಯಿಯ ಪೋಸ್ಟ್ ಬಂತು. ಹೊಡೆತದ ಮಾತು, ನಡುರಾತ್ರಿ ಪೊಲೀಸರಿಗೆ ಫೋನ್ ಮಾಡಿದ್ದು, ಆಸ್ಪತ್ರೆಯ ಚೀಟಿ. ಮೊದಲು ಅವಳನ್ನು ಬೈದವರಲ್ಲೇ ಕೆಲವರು ಈಗ ಅಪ್ಪನನ್ನು ಬೈಯತೊಡಗಿದರು. ಅಲ್ಲೂ ಅದೇ ಮಗುವಿನ ಫೋಟೋ, ಈ ಸಲ ಅಳುತ್ತಿರುವುದು.

ಇಬ್ಬರಲ್ಲಿ ಯಾರ ಮಾತು ನಿಜ? ಇಲ್ಲಿ ಕೂತ ನನಗೆ ತಿಳಿಯುವ ದಾರಿಯೇ ಇಲ್ಲ.

ಆಮೇಲೆ ಈ ವಿಷಯ ಹುಡುಕಿ ಹುಡುಕಿ ಓದಿದೆ. 1980ರಲ್ಲಿ ಹೇಗ್ ನಗರದಲ್ಲಿ ಆದ ಒಂದು ಒಪ್ಪಂದ ಇದೆ. ಅಪ್ಪನೋ ಅಮ್ಮನೋ ಇನ್ನೊಬ್ಬರ ಒಪ್ಪಿಗೆ ಇಲ್ಲದೆ 16 ವರ್ಷದೊಳಗಿನ ಮಗುವನ್ನು ಬೇರೆ ದೇಶಕ್ಕೆ ಕರೆದೊಯ್ದರೆ, ಮೊದಲು ಮಗು ಬೆಳೆಯುತ್ತಿದ್ದ ದೇಶಕ್ಕೆ ವಾಪಸ್ ಕಳಿಸಬೇಕು, ಕಸ್ಟಡಿ ಯಾರಿಗೆ ಅನ್ನುವುದನ್ನು ಅಲ್ಲಿನ ಕೋರ್ಟ್ ತೀರ್ಮಾನಿಸಲಿ ಅನ್ನುವುದು ಅದರ ಸಾರ. ವಾಪಸ್ ಹೋದರೆ ಮಗುವಿಗೆ ಗಂಭೀರ ಅಪಾಯ ಇದ್ದರೆ ಕಳಿಸದೇ ಇರಬಹುದು. 100ಕ್ಕೂ ಜಾಸ್ತಿ ದೇಶಗಳು ಇದಕ್ಕೆ ಸೇರಿವೆ. ಭಾರತ ಸೇರಿಲ್ಲ. ಕಾನೂನು ಆಯೋಗ 2009ರಲ್ಲೇ ಸೇರಿ ಅಂದಿತ್ತು. 2016ರಲ್ಲಿ ಕರಡು ಮಸೂದೆ ಬಂತು, 2018ರಲ್ಲಿ ನ್ಯಾಯಮೂರ್ತಿ ರಾಜೇಶ್ ಬಿಂದಾಲ್ ಸಮಿತಿ ವರದಿ ಕೊಟ್ಟಿತು. ಕಾನೂನು ಮಾತ್ರ ಆಗಲಿಲ್ಲ.

ಸೇರದೇ ಇರುವುದಕ್ಕೂ ಕಾರಣ ಇದೆ. ಎಚ್-4 ವೀಸಾದಲ್ಲಿ ಅಮೆರಿಕಕ್ಕೆ ಹೋದ ಹೆಣ್ಣುಮಕ್ಕಳನ್ನು ನೆನೆಸಿಕೊಳ್ಳಿ. ಅವಳು ಅಲ್ಲಿರುವುದೇ ಗಂಡನ ವೀಸಾದ ಮೇಲೆ. ಡಿವೋರ್ಸ್ ಆದರೆ ಅದೂ ಹೋಯಿತು. ಕೈಯಲ್ಲಿ ದುಡ್ಡಿಲ್ಲ, ತವರು ಸಮುದ್ರದಾಚೆ. ಮನೆಯೊಳಗೆ ಹಿಂಸೆ ತಡೆಯಲಾರದೆ ಮಗುವನ್ನು ಎತ್ತಿಕೊಂಡು ಓಡಿಬಂದವಳನ್ನು ‘ಮಗು ಕದ್ದವಳು’ ಅನ್ನಲು ನನಗೆ ಬಾಯಿ ಬರುವುದಿಲ್ಲ. ಹಾಗಂತ, ಯಾವ ತಪ್ಪೂ ಮಾಡದೆ ಮಗಳ ಮುಖ ನೋಡದೆ ವರ್ಷಗಟ್ಟಲೆ ಕೂತ ಅಪ್ಪಂದಿರೂ ಇದ್ದಾರೆ, ಅವರ ಸಂಕಟ ಸುಳ್ಳಲ್ಲ.

ನಮ್ಮ ಕೋರ್ಟುಗಳು ಒಂದೊಂದು ಮಗುವಿನ ಹಿತ ಏನು ಅಂತ ಬಿಡಿಬಿಡಿಯಾಗಿ ನೋಡುತ್ತವೆ. 2017ರಲ್ಲಿ, ಮಗುವನ್ನು ವಾಪಸ್ ಕರೆತನ್ನಿ ಅನ್ನುವ ಬ್ರಿಟನ್ ಕೋರ್ಟಿನ ಆದೇಶ ಎದುರಿಗಿದ್ದರೂ, ಮಗಳು ಇಲ್ಲೇ ತಾಯಿಯ ಜೊತೆ ಇರಲಿ ಅಂತ ಸುಪ್ರೀಂ ಕೋರ್ಟ್ ಹೇಳಿತು. 2022ರ ಜುಲೈನಲ್ಲಿ ನಮ್ಮ ಬೆಂಗಳೂರಿನದೇ ಒಂದು ಕೇಸಿನಲ್ಲಿ ಉಲ್ಟಾ ಆಯಿತು. 2020ರಲ್ಲಿ ತಾಯಿ ಅಮೆರಿಕದಿಂದ ಕರೆತಂದಿದ್ದ ಹುಡುಗ ವಾಪಸ್ ಹೋಗಬೇಕು ಅಂತ ತೀರ್ಪು ಬಂತು. ಮಗು ಏನು ಬಯಸುತ್ತದೆ ಅನ್ನುವುದು ಬೇರೆ, ಮಗುವಿಗೆ ಯಾವುದು ಒಳ್ಳೆಯದು ಅನ್ನುವುದು ಬೇರೆ ಅಂತ ಆ ತೀರ್ಪು ಬಿಡಿಸಿ ಹೇಳಿತು. ಎರಡೂ ಕಡೆಯ ಕಾಗದ ಪತ್ರ ಓದಿ, ವಾದ ಕೇಳಿ ನ್ಯಾಯಮೂರ್ತಿಗಳು ಇಷ್ಟು ತಿಣುಕುವ ಪ್ರಶ್ನೆಗೆ ನಾವು ಹತ್ತು ಸಾಲು ಓದಿ ತೀರ್ಪು ಕೊಡುತ್ತೇವೆ, ಅಲ್ವಾ?

ಗಂಡ ಹೆಂಡತಿ ಕೇಸಿನಲ್ಲಿ ಕೋರ್ಟಿನ ಬಾಗಿಲು ಮುಚ್ಚುವುದು ಸುಮ್ನೆ ಅಲ್ಲ. ಹಿಂದೂ ವಿವಾಹ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆಯೇ ನಡೆಯಬೇಕು, ಅಲ್ಲಿ ನಡೆದದ್ದನ್ನು ಪ್ರಕಟಿಸುವ ಹಾಗಿಲ್ಲ. ತಪ್ಪಿದರೆ ದಂಡ 1000 ರೂಪಾಯಿವರೆಗೆ. ಇವತ್ತಿಗೆ ಆ ದಂಡ ಯಾರಿಗೂ ಲೆಕ್ಕಕ್ಕಿಲ್ಲ.

ಪ್ರಚಾರದಿಂದ ಏನೂ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಡೇವಿಡ್ ಗೋಲ್ಡ್‌ಮನ್ ಅವರ ಮಗನನ್ನು 2004ರಲ್ಲಿ ತಾಯಿ ಬ್ರೆಜಿಲ್‌ಗೆ ಕರೆದೊಯ್ದಿದ್ದರು. ಬ್ರೆಜಿಲ್ ಹೇಗ್ ಒಪ್ಪಂದದಲ್ಲೇ ಇತ್ತು, ಆದರೂ ಮಗ ವಾಪಸ್ ಬರಲು ಐದು ವರ್ಷದ ಮೇಲಾಯಿತು. ಅಪ್ಪ ಟಿವಿಯಲ್ಲಿ, ವೆಬ್‌ಸೈಟಿನಲ್ಲಿ ಬಿಡದೆ ಕೂಗಿದ್ದಕ್ಕೆ ರಾಜಕಾರಣಿಗಳು ಎದ್ದರು. ಆ ಅಪ್ಪ ಮಗನ ಹೆಸರಿನಲ್ಲೇ 2014ರಲ್ಲಿ ಅಮೆರಿಕದಲ್ಲಿ ಕಾನೂನೂ ಬಂತು. ಆದರೆ 2009ರ ಡಿಸೆಂಬರ್ 24ರಂದು ಆ ಒಂಬತ್ತು ವರ್ಷದ ಹುಡುಗ ಅಪ್ಪನ ಕೈ ಸೇರಿದ್ದು ಹೇಗೆ ಗೊತ್ತಾ? ರಿಯೊದ ಅಮೆರಿಕನ್ ಕಾನ್ಸುಲೇಟ್ ಮುಂದೆ ಕ್ಯಾಮೆರಾದವರ ನೂಕುನುಗ್ಗಲಿನ ನಡುವೆ, ಮಲತಂದೆಯನ್ನು ಅವುಚಿಕೊಂಡು. ಆ ದೃಶ್ಯ ನೋಡಿದ ಮೇಲೆ ಗೆದ್ದವರು ಯಾರು ಅಂತ ಕೇಳಲು ನನಗೆ ಮನಸ್ಸಾಗಲಿಲ್ಲ.

ವಕೀಲಿಕೆ ಮಾಡುವ ಗೆಳತಿಯನ್ನು ಕೇಳಿದೆ. ‘ಇವತ್ತು ಹಾಕಿದ ಪೋಸ್ಟು ನಾಳೆ ಎದುರಿನ ಲಾಯರ್ ಫೈಲಿನಲ್ಲಿ ಇರುತ್ತೆ ಕಣೆ’ ಅಂದಳು. ಅವಳೇ 2020ರ ಒಂದು ಸುಪ್ರೀಂ ಕೋರ್ಟ್ ತೀರ್ಪು ತೋರಿಸಿದಳು. ಕಸ್ಟಡಿ ಸಿಗದವರಿಗೂ ದಿನಾ ಐದು ಹತ್ತು ನಿಮಿಷ ಮಗುವಿನ ಜೊತೆ ಮಾತಾಡುವ ಹಕ್ಕು ಇರಬೇಕು, ವಿಡಿಯೋ ಕಾಲ್ ಆದರೆ ಇನ್ನೂ ಒಳ್ಳೆಯದು ಅಂತ ಅದರಲ್ಲಿದೆ. ದಿನಕ್ಕೆ ಹತ್ತು ನಿಮಿಷ! ಸಾವಿರಾರು ಶೇರ್‌ಗಿಂತ ನನಗೆ ಅದು ದೊಡ್ಡದಾಗಿ ಕಂಡಿತು. ತಾಯಿಯನ್ನು ಊರ ಮುಂದೆ ನಿಲ್ಲಿಸಿ ಬೈದ ಸಂಜೆ, ಅದೇ ತಾಯಿಯ ಫೋನಿನಲ್ಲಿ ಮಗು ಅಪ್ಪನ ಜೊತೆ ನಗುತ್ತಾ ಹೇಗೆ ಮಾತಾಡೀತು?

ನೊಂದವರು ಬರೆಯಬಾರದು ಅನ್ನಲು ನಾನ್ಯಾರು? ಬರೆಯಿರಿ. ಕಾನೂನು ಯಾಕೆ ಬರಲಿಲ್ಲ ಅಂತ ಕೇಳಿ, ನಾವೂ ದನಿಗೂಡಿಸುತ್ತೇವೆ. ಮಗುವಿನ ಹೆಸರು, ಮುಖ, ಅಳು ಮಾತ್ರ ಬೇಡ. ಆ ಪುಟ್ಟಿಗೆ ಈಗ ಏಳು. ಹದಿನೈದಕ್ಕೆ ಅವಳ ಕೈಗೂ ಫೋನ್ ಬರುತ್ತದೆ.

ನಾನು ಶೇರ್ ಮಾಡಿದ್ದನ್ನು ಅವತ್ತೇ ಅಳಿಸಿದೆ. ಹೋದ ಭಾನುವಾರ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಅದೇ ಫೋಟೋ. ದೊಡ್ಡಮ್ಮ ಕಳಿಸಿದ್ದರು, ‘ಪಾಪದ ಮಗು, ಎಲ್ಲರಿಗೂ ಮುಟ್ಟಿಸಿ’ ಅಂತ. ಫೋನ್ ಮಾಡಿ, ‘ಅಳಿಸಿಬಿಡಿ ದೊಡ್ಡಮ್ಮ’ ಅಂದೆ. ‘ಒಳ್ಳೇದಕ್ಕೇ ತಾನೇ ಕಳಿಸಿದ್ದು?’ ಅಂದರು. ‘ನಮ್ಮ ಚಿನ್ನು ಫೋಟೋ ಹೀಗೆ ಊರೂರು ತಿರುಗಿದ್ರೆ?’ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ ಸಣ್ಣ ದನಿಯಲ್ಲಿ, ‘ಭಜನೆ ಗ್ರೂಪಿಗೂ ಕಳಿಸಿಬಿಟ್ಟಿದ್ದೀನಲ್ಲೇ’ ಅಂದರು.